ಎಲ್ಲಾ ನೆನಪಿತ್ತು, ಆದ್ರೆ ಒಲೆ ಮುಂದೆ ಮುಂದಿನ ಕೆಲಸ ಹೊಳೀತಿರ್ಲಿಲ್ಲ: ಚಿಕ್ಕಪ್ಪನ ವ್ಯಾಸ್ಕುಲರ್ ಡಿಮೆನ್ಶಿಯಾ ಪ್ರಕರಣ

ಇದು ನಮ್ಮ ಚಿಕ್ಕಪ್ಪನ ಕೇಸು. ಸಾಗರದ ಕಡೆಯವರು, ಮದುವೆ ಮುಂಜಿ ಗೃಹಪ್ರವೇಶಕ್ಕೆಲ್ಲ ಅಡುಗೆ ಹಿಡಿಯೋ ಭಟ್ರು, ಈಗ ವಯಸ್ಸು 70. ಚಿಕ್ಕಮ್ಮ, ಅವರ ಮಗ ಇಬ್ರೂ "ಬರಿ, ಬೇರೆ ಮನೆಯವರಿಗಾದ್ರೂ ಬೇಗ ಗೊತ್ತಾಗ್ಲಿ" ಅಂದ್ರು, ಹಾಗಾಗಿ ಬರೀತಿದೀನಿ. ಯಾರ ಹೆಸರೂ ಆಸ್ಪತ್ರೆ ಹೆಸರೂ ಹಾಕಿಲ್ಲ, ಬೇಕಾಗೂ ಇಲ್ಲ.

ಡಾಕ್ಟರ್ ಕೊನೆಗೆ ಬರೆದ ಡಯಾಗ್ನೋಸಿಸ್ ವ್ಯಾಸ್ಕುಲರ್ ಡಿಮೆನ್ಶಿಯಾ, ಅಂದ್ರೆ ಮೆದುಳಿಗೆ ರಕ್ತ ಸರಿಯಾಗಿ ಸಿಗದೆ ಬುದ್ಧಿಶಕ್ತಿ ಕುಗ್ಗೋ ಕಾಯಿಲೆ, ಅದ್ರಲ್ಲೂ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗಿ ಬರೋ ತರಹದ್ದು. ಮೊದಲ ಲಕ್ಷಣ ಕಂಡಿದ್ದು 2019ರಲ್ಲಿ, ಹೆಸರು ಸಿಕ್ಕಿದ್ದು 2023ರಲ್ಲಿ. ಮಧ್ಯೆ ನಾಲ್ಕು ವರ್ಷ ಹೋಯ್ತು. ಯಾಕೆ ಹೋಯ್ತು ಅಂದ್ರೆ ಮನೇಲಿ ಎಲ್ಲರೂ ಅವರ ನೆನಪಿನ ಶಕ್ತಿ ನೋಡ್ತಾ ಇದ್ರು, ನೆನಪು ಮಾತ್ರ ಗಟ್ಟಿಯಾಗೇ ಇತ್ತು. ಮೂವತ್ತು ವರ್ಷದ ಹಿಂದಿನ ಮದುವೇಲಿ ಎಷ್ಟು ಪಂಕ್ತಿ ಎದ್ದಿತ್ತು, ಯಾರ ಮನೇಲಿ ಹೋಳಿಗೆ ಕಡಿಮೆ ಬಿತ್ತು, ಮೊನ್ನೆ ಮಗಳು ಫೋನಲ್ಲಿ ಏನು ಹೇಳಿದ್ಲು, ಎಲ್ಲಾ ಹೇಳೋರು. ಮರೆವಿನ ಕಾಯಿಲೆ ಇವರಿಗೆ ಹೇಗೆ ಇರೋಕೆ ಸಾಧ್ಯ ಅಂತ ಯಾರಿಗಾದ್ರೂ ಅನ್ಸುತ್ತೆ.

ಹಿನ್ನೆಲೆ ಮೊದ್ಲು ಹೇಳ್ಬೇಕು. 2008ರಲ್ಲಿ ಹಲ್ಲು ಕೀಳಿಸೋಕೆ ಹೋದಾಗ ಡೆಂಟಿಸ್ಟ್ ಬಿಪಿ ನೋಡಿ ಹಲ್ಲು ಮುಟ್ಟಲ್ಲ ಅಂದ್ಬಿಟ್ರು, 170/100 ಇತ್ತು. ಮಾತ್ರೆ ಶುರುವಾಯ್ತು. ಆಮೇಲೆ ಮದುವೆ ಸೀಸನ್ ಬಂದ್ರೆ ಮಾತ್ರೆ ಮನೇಲಿ, ಅವರು ಯಾವುದೋ ಊರಿನ ಚಪ್ಪರದಲ್ಲಿ. ಊರಿಗೆ ವಾಪಸ್ ಬಂದು ಬಿಪಿ ನೋಡಿಸಿ ನಾರ್ಮಲ್ ಬಂದ್ರೆ "ಸರಿ ಹೋಯ್ತಲ್ಲ, ಇನ್ಯಾಕೆ ಮಾತ್ರೆ" ಅಂತ ನಿಲ್ಸೋದು, ತಲೆ ಸುತ್ತಿದ್ರೆ ಮತ್ತೆ ಎರಡು ವಾರ ತಗೊಳ್ಳೋದು. ಮಾತ್ರೆ ತಗೊಂಡಿದ್ದಕ್ಕೇ ಬಿಪಿ ನಾರ್ಮಲ್ ಬಂದಿರೋದು ಅನ್ನೋದು ಅವರ ತಲೆಗೆ ಹೋಗ್ಲೇ ಇಲ್ಲ, ಯಾರೂ ಕೂತು ಬಿಡಿಸಿ ಹೇಳೂ ಇರ್ಲಿಲ್ಲ. 2014ರಲ್ಲಿ ಶುಗರ್ ಸೇರ್ತು. ಇದ್ರ ಮೇಲೆ ಎಲೆಅಡಿಕೆ ಜೊತೆ ತಂಬಾಕು, ರಾತ್ರಿ ಎರಡು ಗಂಟೆಗೆ ಎದ್ದು ಒಲೆ ಹಚ್ಚೋ ಕೆಲಸ, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು ಬೇಕೇ ಬೇಕು. ದಿನಕ್ಕೆ ಒಬ್ರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಒಂದು ಸಣ್ಣ ಚಮಚ, ಅದು ಇವರಿಗೆ ಮಧ್ಯಾಹ್ನದ ಊಟದಲ್ಲೇ ದಾಟಿ ಹೋಗ್ತಿತ್ತು. ಗೊರಕೆ ಬೇರೆ, ಪಕ್ಕದ ಮನೆಗೆ ಕೇಳ್ಸೋ ಅಷ್ಟು.

ಈಗ ಕಾಯಿಲೆ ಬಂದ ದಾರಿ.

2019ರ ಬೇಸಿಗೆ, ಒಂದು ಉಪನಯನದ ಮನೆ, ಮುನ್ನೂರು ಎಲೆ. ಬೇಳೆ ಬೆಂದಿದೆ, ತರಕಾರಿ ಹೆಚ್ಚಿ ಆಗಿದೆ, ಕಾಯಿ ರುಬ್ಬಿ ಇಟ್ಟಿದಾರೆ, ಚಿಕ್ಕಪ್ಪ ಸೌಟು ಹಿಡ್ಕೊಂಡು ಕೊಪ್ಪರಿಗೆ ಮುಂದೆ ಸುಮ್ನೆ ನಿಂತಿದಾರೆ. ಸಹಾಯಕ್ಕಿದ್ದ ಹುಡುಗ "ಭಟ್ರೇ, ಹುಳಿಗೆ ತರಕಾರಿ ಹಾಕ್ಲಾ?" ಅಂದ್ರೆ "ಹಾಕು" ಅಂದ್ರು. ಅವನು ಹಾಕಿದ. ಆಮೇಲೆ ಮತ್ತೆ ನಿಂತ್ರು. ಅವತ್ತು ಆ ಹುಡುಗನೇ ಕೇಳ್ತಾ ಕೇಳ್ತಾ ಅಡುಗೆ ಮುಗಿಸಿದ, ಊಟ ಒಂದು ಗಂಟೆ ತಡ ಆಯ್ತು, ರುಚಿ ಮಾತ್ರ ಎಂದಿನ ಹಾಗೇ ಇತ್ತು. "ಅರವತ್ತಕ್ಕೆ ಅರಳು ಮರಳು, ಭಟ್ರಿಗೂ ವಯಸ್ಸಾಯ್ತು" ಅಂತ ಊಟ ಮಾಡಿದವರು ಎದ್ದು ಹೋದ್ರು. ಅದೇ ವರ್ಷ ಒಂದೇ ಮುಹೂರ್ತಕ್ಕೆ ಎರಡು ಮನೆಯಿಂದ ಅಡ್ವಾನ್ಸ್ ಹಿಡಿದು ದೊಡ್ಡ ರಗಳೆ ಆಯ್ತು, ಜನ ದುಡ್ಡಿನ ಆಸೆ ಅಂದ್ಕೊಂಡ್ರು. ಮೂವತ್ತೈದು ವರ್ಷ ಆ ತರ ಮಾಡದ ಮನುಷ್ಯ ಯಾಕೆ ಹಾಗೆ ಮಾಡಿದ ಅಂತ ಮಾತ್ರ ಯಾರೂ ಯೋಚಿಸ್ಲಿಲ್ಲ.

ಆಮೇಲೆ ಕೊರೊನಾ. ಮದುವೆಗಳೇ ಇಲ್ಲ, ಕೆಲಸ ಇಲ್ಲ. ಜಗಲಿ ಮೇಲೆ ಬೆಳಿಗ್ಗೆ ಕೂತ್ರೆ ಸಂಜೆ ತನಕ ಅಲ್ಲೇ. ಪೇಪರ್ ಎದುರಿಗಿದ್ರೂ ಓದಲ್ಲ, ತೋಟದ ಕಡೆ ಹೋಗಲ್ಲ, ಸ್ನಾನಕ್ಕೆ ಹೇಳಿದ್ರೆ ಮಾತ್ರ ಏಳೋದು. ಬೇಜಾರಲ್ಲಿದಾರೆ, ಕೆಲಸ ಹೋಗಿದ್ದಕ್ಕೆ ಹಾಗೆ ಅಂತ ಎಲ್ಲರೂ ಹೇಳಿದ್ರು, ಚಿಕ್ಕಮ್ಮ ಸೋಮಾರಿತನ ಅಂತ ಬೈದದ್ದೂ ಉಂಟು. ಆದ್ರೆ ಕೇಳಿದ್ರೆ "ನಂಗೇನೂ ಬೇಜಾರಿಲ್ಲ" ಅಂತಿದ್ರು, ಅದು ನಿಜವೇ ಆಗಿತ್ತು. ಈ ಕಾಯಿಲೇಲಿ ತಾನಾಗಿ ಒಂದು ಕೆಲಸಕ್ಕೆ ಕೈ ಹಾಕೋ ಹುಮ್ಮಸ್ಸೇ ಆರಿ ಹೋಗುತ್ತೆ, ದುಃಖ ಇರ್ಲೇಬೇಕು ಅಂತಿಲ್ಲ. ಹೊರಗಿನಿಂದ ನೋಡೋರಿಗೆ ಸೋಮಾರಿತನ, ಖಿನ್ನತೆ, ಇದು ಮೂರೂ ಒಂದೇ ತರ ಕಾಣುತ್ತೆ. ನನ್ನ ಪ್ರಕಾರ ಈ ಇಡೀ ಕೇಸಲ್ಲಿ ಅತಿ ಹೆಚ್ಚು ನೋವು ಕೊಟ್ಟಿದ್ದು ಇದೇ ಹಂತ, ಕಾಯಿಲೆ ಇರೋ ಮನುಷ್ಯನಿಗೆ ದಿನಾ ಬೈಗುಳ ಬೀಳ್ತಿತ್ತು.

2022ರಲ್ಲಿ ಒಂದಿನ ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿ ಬಿತ್ತು, ಮಾತು ತೊದಲ್ತು, ಬಾಯಿ ಸ್ವಲ್ಪ ವಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಸರಿ. ವಾಯು ಅಂದ್ಕೊಂಡು ಎಣ್ಣೆ ಹಚ್ಚಿ ತಿಕ್ಕಿದ್ರು. ಇದನ್ನ ಡಾಕ್ಟರುಗಳು ಟಿಐಎ ಅಂತಾರೆ, ರಕ್ತ ಸ್ವಲ್ಪ ಹೊತ್ತು ಕಟ್ಟಿ ಮತ್ತೆ ಹರಿಯೋದು. ತಾನಾಗೇ ಸರಿ ಹೋಯ್ತು ಅಂತ ಬಿಡೋ ಹಾಗೇ ಇಲ್ಲ, ಯಾಕಂದ್ರೆ ನಿಜವಾದ ಸ್ಟ್ರೋಕ್ ಬರೋ ಅಪಾಯ ಅದಾದ ಮೊದಲ ಎರಡು ದಿನದಲ್ಲೇ ಎಲ್ಲಕ್ಕಿಂತ ಜಾಸ್ತಿ. ಇವರಿಗೆ ಆಗ ಬರ್ಲಿಲ್ಲ, ಪುಣ್ಯ.

ಆ ವರ್ಷವೇ ನಡಿಗೆ ಬದಲಾಯ್ತು. ಕಾಲು ಎತ್ತದೆ ನೆಲಕ್ಕೆ ಅಂಟಿಸ್ಕೊಂಡು ಸಣ್ಣ ಸಣ್ಣ ಹೆಜ್ಜೆ. ಮೂತ್ರ ಬಂತು ಅಂದ್ರೆ ಬಚ್ಚಲಿಗೆ ಹೋಗೋಷ್ಟರಲ್ಲಿ ಆಗ್ಹೋಗ್ತಿತ್ತು. ಟೀವೀಲಿ ಯಾರೋ ಅತ್ರೆ ಇವರೂ ಗೊಳೋ ಅಂತ ಅಳೋರು, ಎರಡು ನಿಮಿಷಕ್ಕೆ ನಿಂತು ಹೋಗೋದು, ಕೇಳಿದ್ರೆ ಯಾಕೆ ಅತ್ತೆ ಅಂತ ಅವರಿಗೂ ಗೊತ್ತಿಲ್ಲ. ಮಂಡಿ ನೋವಿಗೆ ಮೂಳೆ ಡಾಕ್ಟರ್ ಹತ್ರ, ಮೂತ್ರಕ್ಕೆ ಪ್ರಾಸ್ಟೇಟ್ ಡಾಕ್ಟರ್ ಹತ್ರ, ಅಳುವಿಗೆ ದೇವಸ್ಥಾನಕ್ಕೆ, ಹೀಗೆ ಒಂದೊಂದಕ್ಕೂ ಒಂದೊಂದು ಕಡೆ ಓಡಾಟ ಆಯ್ತು. ಅಡುಗೆ ಗೊಂದಲ, ನಡಿಗೆ, ಮೂತ್ರ, ಅಳು ನಾಲ್ಕನ್ನೂ ಒಬ್ಬರೇ ಡಾಕ್ಟರ್ ಮುಂದೆ ಒಟ್ಟಿಗೆ ಹೇಳಿದ್ದಿದ್ರೆ 2022ರಲ್ಲೇ ಗೊತ್ತಾಗ್ತಿತ್ತು ಅಂತ ಆಮೇಲೆ ನ್ಯೂರಾಲಜಿಸ್ಟ್ ಹೇಳಿದ್ರು.

ರಾತ್ರಿ ಎದ್ದು ಓಡಾಡ್ತಾರೆ ಅಂತ ಯಾರೋ ನಿದ್ದೆ ಮಾತ್ರೆ ಬರೆದುಕೊಟ್ರು. ಅದನ್ನ ತಗೊಂಡ ಮೇಲೆ ಹಗಲಲ್ಲೂ ಮಂಪರು, ಎರಡು ಸಲ ಬಿದ್ರು. ಡಿಮೆನ್ಶಿಯಾ ಇರೋರಿಗೆ ನಿದ್ದೆ ಮಾತ್ರೆ ಗೊಂದಲನೂ ಹೆಚ್ಚಿಸುತ್ತೆ, ಬೀಳೋದನ್ನೂ ಹೆಚ್ಚಿಸುತ್ತೆ. ಗಲಾಟೆ ಮಾಡ್ತಾರೆ ಅಂತ ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡೋ) ಮಾತ್ರೆ ಕೊಡೋದಂತೂ ಇನ್ನೂ ಅಪಾಯ, ಡಿಮೆನ್ಶಿಯಾ ಇರೋ ವಯಸ್ಸಾದವರಲ್ಲಿ ಅದು ಸಾವಿನ ಅಪಾಯ ಹೆಚ್ಚಿಸುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ, ಸ್ಟ್ರೋಕ್ ಅಪಾಯನೂ ಜೊತೆಗಿದೆ. ಬೇರೆ ದಾರಿನೇ ಇಲ್ಲದಾಗ ಡಾಕ್ಟರ್ ಯೋಚನೆ ಮಾಡಿ ಕೊಡ್ತಾರೆ ಅಷ್ಟೇ, ಮೆಡಿಕಲ್ ಶಾಪಲ್ಲಿ ಕೇಳಿ ತರೋ ಮಾತ್ರೆ ಅಲ್ಲ.

2023ರ ಮಳೆಗಾಲದಲ್ಲಿ ಸ್ಟ್ರೋಕ್ ಆಯ್ತು. ರಾತ್ರಿ ಮಲಗಿದಾಗ ಆಗಿದೆ, ಬೆಳಿಗ್ಗೆ ಬಲಗಾಲು ಬಲಗೈ ಏಳ್ತಿಲ್ಲ. ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ಯಾವಾಗ ಆಯ್ತು ಅಂತಲೇ ಗೊತ್ತಿಲ್ಲದ್ದಕ್ಕೆ ಅದು ಆಗ್ಲಿಲ್ಲ. ವಾರದಲ್ಲಿ ಕೈಕಾಲು ಸುಮಾರಾಗಿ ವಾಪಸ್ ಬಂತು, ಆದ್ರೆ ತಲೆ ಒಂದೇ ಸಲಕ್ಕೆ ಒಂದು ಮೆಟ್ಟಿಲು ಕೆಳಗೆ ಇಳಿದಿತ್ತು. ಈ ಕಾಯಿಲೆ ಎಷ್ಟೋ ಜನರಲ್ಲಿ ಹೀಗೇ, ಸ್ವಲ್ಪ ಕಾಲ ಇದ್ದ ಹಾಗೇ ಇರುತ್ತೆ, ಆಮೇಲೆ ಧಡಕ್ಕನೆ ಇಳಿಯುತ್ತೆ. ಡಿಮೆನ್ಶಿಯಾದ ಇನ್ನೊಂದು ವಿಧವಾದ ಆಲ್ಜೈಮರ್ಸ್‌ನಲ್ಲಿ ಸಾಮಾನ್ಯವಾಗಿ ಹೊಸದಾಗಿ ಕೇಳಿದ್ದು ನಿಲ್ಲದೇ ಹೋಗೋದ್ರಿಂದ ಶುರುವಾಗಿ ನಿಧಾನಕ್ಕೆ ಇಳೀತಾ ಹೋಗುತ್ತೆ.

ಆಗ ಶಿವಮೊಗ್ಗದಲ್ಲಿ ನ್ಯೂರಾಲಜಿಸ್ಟ್ ಹತ್ರ ಕರ್ಕೊಂಡು ಹೋದಾಗ ನಾನೂ ಜೊತೆಗಿದ್ದೆ. ಆ ಡಾಕ್ಟರಮ್ಮ ಅವಸರ ಮಾಡ್ಲಿಲ್ಲ. ಮೊದ್ಲು ಒಂದು ಸಣ್ಣ ಕಥೆ ಹೇಳಿದ್ರು, ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ರು, ಚಿಕ್ಕಪ್ಪ ಅರ್ಧ ಹೇಳಿದ್ರು, ಒಂದು ಸುಳಿವು ಕೊಟ್ಟ ತಕ್ಷಣ ಉಳಿದರ್ಧನೂ ಬಂತು. ಅಂದ್ರೆ ವಿಷಯ ಒಳಗಿದೆ, ಹುಡುಕಿ ತೆಗೆಯೋದು ಕಷ್ಟ ಆಗಿದೆ. ಒಂದು ನಿಮಿಷದಲ್ಲಿ 'ಕ' ಅಕ್ಷರದಿಂದ ಶುರುವಾಗೋ ಪದ ಹೇಳಿ ಅಂದ್ರು, ಕಡಾಯಿ, ಕಾಯಿ, ಕೇಸರಿ, ಅಷ್ಟಕ್ಕೇ ನಿಂತು ಹೋಯ್ತು. ಗಡಿಯಾರ ಬರೀರಿ ಅಂದ್ರೆ ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಗುಂಪಾದ್ವು.

ಆಮೇಲೆ ಡಾಕ್ಟರ್ ಕೇಳಿದ್ರು, "ಭಟ್ರೇ, ನೂರು ಜನಕ್ಕೆ ಎಷ್ಟು ಅಕ್ಕಿ ಹಾಕ್ತೀರಿ?"

"ಹತ್ತರಿಂದ ಹನ್ನೆರಡು ಕೇಜಿ. ಪಾಯಸ, ಹೋಳಿಗೆ ಎರಡೂ ಇದ್ರೆ ಹತ್ತು ಸಾಕು." ಥಟ್ ಅಂತ ಉತ್ತರ.

"ಸರಿ. ನಾಳೆ ಮುನ್ನೂರು ಜನ, ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂರ್ಬೇಕು. ಬೆಳಿಗ್ಗೆ ಎದ್ದು ಯಾವ್ದು ಮೊದ್ಲು ಮಾಡ್ತೀರಿ, ಆಮೇಲೆ ಯಾವ್ದು?"

ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದ್ರು. ಸುಮಾರು ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ "ಹುಡುಗ್ರು ಮಾಡ್ತಾರೆ" ಅಂದ್ರು.

ಅಳತೆ ಗೊತ್ತಿದೆ, ಕ್ರಮ ಹೋಗಿದೆ. ಒಂದು ಕೆಲಸ ಶುರು ಮಾಡೋದು, ಒಂದರಿಂದ ಇನ್ನೊಂದಕ್ಕೆ ಹೋಗೋದು, ನಾಲ್ಕು ಒಲೆ ಒಟ್ಟಿಗೆ ನಿಭಾಯಿಸೋದು, ಇದೆಲ್ಲ ಮೆದುಳಿನ ಮುಂಭಾಗ ಮತ್ತೆ ಆಳದಲ್ಲಿರೋ ಭಾಗಗಳು ಸೇರಿ ಮಾಡೋ ಕೆಲಸ. ಇವೆರಡನ್ನ ಜೋಡಿಸೋ ನರತಂತುಗಳು ಹಾದುಹೋಗೋ ಬಿಳಿ ಭಾಗದಲ್ಲೇ ಇವರ ಕಾಯಿಲೆ ಕೂತಿತ್ತು. ನೆನಪು ಕೂಡಿಡೋ ಹಿಪೊಕ್ಯಾಂಪಸ್ ಅನ್ನೋ ಭಾಗ ಎಂಆರ್‌ಐನಲ್ಲಿ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇತ್ತು.

ಎಂಆರ್‌ಐ ಫಿಲಂ ಬೆಳಕಿಗೆ ಹಿಡಿದು ತೋರಿಸಿದ್ರು. ಮೆದುಳಿನ ಆಳದಲ್ಲಿ ಅಲ್ಲಲ್ಲಿ ಸಣ್ಣ ಗುಳಿ, ಲ್ಯಾಕ್ಯೂನ್ ಅಂತಾರೆ, 3ರಿಂದ 15 ಮಿಲಿಮೀಟರ್ ಅಳತೆಯವು. ಒಂದೊಂದೂ ಒಂದೊಂದು ಹಳೇ ಸ್ಟ್ರೋಕ್, ಹೆಚ್ಚಿನವು ಆಗಿದ್ದು ಯಾರಿಗೂ ಗೊತ್ತೇ ಆಗಿಲ್ಲ, ಚಿಕ್ಕಪ್ಪನಿಗೂ ಸೇರಿ. ಸುತ್ತ ಬಿಳಿ ಮೋಡ ಕವಿದ ಹಾಗೆ, ಅದನ್ನ ಫಜೆಕಾಸ್ ಅನ್ನೋ ಲೆಕ್ಕದಲ್ಲಿ ಅಳೀತಾರೆ, ಸೊನ್ನೆಯಿಂದ ಮೂರರವರೆಗೆ, ಇವರದ್ದು ಮೂರು. ಎಡಗಡೆ, ಮೆದುಳಿನ ಆಳದಲ್ಲಿರೋ ಥಲಾಮಸ್‌ನಲ್ಲಿ ಹೊಸ ಸ್ಟ್ರೋಕ್. ಥಲಾಮಸ್‌ನ ಕೆಲವು ಜಾಗ ಹೇಗಂದ್ರೆ ಅಲ್ಲಿ ಒಂದೇ ಒಂದು ಸಣ್ಣ ಏಟು ಬಿದ್ರೂ ಡಿಮೆನ್ಶಿಯಾ ಬರಬಹುದು.

ಯಾಕೆ ಹೀಗಾಗುತ್ತೆ ಅಂತ ನಾನು ಕೇಳಿದ್ದಕ್ಕೆ ಡಾಕ್ಟರ್ ಬಿಡಿಸಿ ಹೇಳಿದ್ರು. ಮೆದುಳು ನಮ್ಮ ತೂಕದಲ್ಲಿ ಶೇ. 2ರಷ್ಟಿದ್ರೂ ದೇಹದ ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಮೆದುಳಿನ ಬುಡದಲ್ಲಿರೋ ದೊಡ್ಡ ರಕ್ತನಾಳದಿಂದ ನೇರವಾಗಿ ಒಡೆದು ಕೂದಲೆಳೆಯಷ್ಟು ಸಣ್ಣ ನಾಳಗಳು ಆಳಕ್ಕೆ ಹೋಗ್ತವೆ, ದೊಡ್ಡ ನಾಳದ ಪ್ರೆಶರ್ ಹೆಚ್ಚುಕಡಿಮೆ ಹಾಗೇ ಇವುಗಳ ಮೇಲೆ ಬೀಳುತ್ತೆ. ವರ್ಷಗಟ್ಲೆ ಬಿಪಿ ಜಾಸ್ತಿ ಇದ್ರೆ ಇವುಗಳ ಗೋಡೆ ದಪ್ಪ ಆಗಿ, ಬಿಗಿಯಾಗಿ, ಒಳಗಿನ ದಾರಿ ಸಣ್ಣದಾಗುತ್ತೆ, ಶುಗರ್ ಮತ್ತೆ ತಂಬಾಕು ಅದಕ್ಕೆ ಕೈ ಜೋಡಿಸ್ತವೆ. ತೋಟದ ಡ್ರಿಪ್ ಲೈನಿನ ತುದಿ ಕಟ್ಟಿದ್ರೆ ಆ ಒಂದು ಗಿಡಕ್ಕೆ ಬೇರೆ ಕಡೆಯಿಂದ ನೀರು ಬರಲ್ಲ ಅಲ್ವಾ, ಈ ನಾಳಗಳೂ ಹಾಗೇ, ಪಕ್ಕದ ನಾಳದ ಜೊತೆ ಕೂಡಿಕೊಂಡಿರಲ್ಲ, ಒಂದು ಮುಚ್ಚಿದ್ರೆ ಅದ್ರ ಪಾಲಿನ ಜಾಗ ಸತ್ತು ಹೋಗುತ್ತೆ. ಪೂರ್ತಿ ಮುಚ್ಚದೆ ಬರೀ ಸಣ್ಣ ಆದ್ರೆ ಬಿಳಿ ಭಾಗ ರಕ್ತ ಸಾಲದೆ ನಿಧಾನಕ್ಕೆ ಹಾಳಾಗುತ್ತೆ.

ಇದು ಹೊಸ ವಿಷಯ ಅಲ್ಲ. ಬಿಳಿ ಭಾಗ ಹೀಗೆ ಹಾಳಾಗೋದನ್ನ ಒಟ್ಟೊ ಬಿನ್ಸ್‌ವಾಂಗರ್ 1894ರಲ್ಲೇ ಬರೆದಿದ್ರು. 1974ರಲ್ಲಿ ವ್ಲಾದಿಮಿರ್ ಹಚಿನ್‌ಸ್ಕಿ ಮತ್ತೆ ಜೊತೆಯವರು, ರಕ್ತನಾಳದಿಂದ ಬರೋ ಡಿಮೆನ್ಶಿಯಾಗೆ ಮುಖ್ಯ ಕಾರಣ ಮೇಲಿಂದ ಮೇಲೆ ಆಗೋ ಸ್ಟ್ರೋಕ್‌ಗಳು ಅಂತ ವಾದಿಸಿದ್ರು. ಹಚಿನ್‌ಸ್ಕಿ ಹೆಸರಲ್ಲಿ ಒಂದು ಸ್ಕೋರ್ ಇದೆ, ಇದ್ದಕ್ಕಿದ್ದ ಹಾಗೆ ಶುರುವಾಯ್ತಾ, ಮೆಟ್ಟಿಲು ಮೆಟ್ಟಿಲಾಗಿ ಇಳೀತಾ, ರಾತ್ರಿ ಗೊಂದಲನಾ, ಕಾರಣ ಇಲ್ಲದೆ ಅಳ್ತಾರಾ, ಬಿಪಿ ಇತ್ತಾ, ಹಿಂದೆ ಸ್ಟ್ರೋಕ್ ಆಗಿತ್ತಾ ಅಂತ ಕೇಳ್ತಾ ಹೋಗ್ತಾರೆ. 4 ಅಥವಾ ಕಡಿಮೆ ಬಂದ್ರೆ ಆಲ್ಜೈಮರ್ಸ್ ಕಡೆ, 7 ಅಥವಾ ಜಾಸ್ತಿ ಬಂದ್ರೆ ರಕ್ತನಾಳದ ಕಡೆ. ಚಿಕ್ಕಪ್ಪನದ್ದು 12 ಬಂತು. ಈಗ ಎಂಆರ್‌ಐ ಇರೋದ್ರಿಂದ ಇದ್ರ ಮೇಲೇ ನಿರ್ಧಾರ ಮಾಡಲ್ಲ, ಆದ್ರೂ ಮನೆಯವರು ಏನೇನು ಗಮನಿಸ್ಬೇಕು ಅನ್ನೋದಕ್ಕೆ ಈ ಪ್ರಶ್ನೆಗಳು ಬಹಳ ಉಪಯೋಗ ಅಂತ ನನಗೆ ಅನ್ಸಿದೆ.

ಎಲ್ಲರಿಗೂ ಇದೇ ದಾರೀಲಿ ಬರುತ್ತೆ ಅಂತಲ್ಲ. ಕೆಲವರಿಗೆ ಒಂದೇ ದೊಡ್ಡ ಸ್ಟ್ರೋಕ್ ಆದ್ಮೇಲೆ ಬರುತ್ತೆ. ಹೃದಯದ ಬಡಿತ ಲಯ ತಪ್ಪಿ ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಕೂರಬಹುದು, ಕತ್ತಿನ ದೊಡ್ಡ ನಾಳದಲ್ಲಿ ಕೊಬ್ಬು ಕಟ್ಟಬಹುದು, ಮೆದುಳಲ್ಲಿ ರಕ್ತಸ್ರಾವದಿಂದ ಆಗಬಹುದು. ಬಿಪಿ ಇಲ್ಲದೇನೂ ನಲವತ್ತು ಐವತ್ತರಲ್ಲೇ ಬಂದ್ರೆ, ಮನೆತನದಲ್ಲಿ ಮೈಗ್ರೇನ್ ಮತ್ತೆ ಚಿಕ್ಕ ವಯಸ್ಸಿನ ಸ್ಟ್ರೋಕ್ ಇದ್ರೆ, ಕ್ಯಾಡಸಿಲ್ ಅನ್ನೋ ಆನುವಂಶಿಕ ಕಾಯಿಲೆ ಇದೆಯಾ ಅಂತ ನೋಟ್ಚ್3 ಜೀನ್ ಟೆಸ್ಟ್ ಮಾಡ್ತಾರೆ, ಅದು ಅಪರೂಪ. ವಯಸ್ಸಾದವರಲ್ಲಿ ಆಲ್ಜೈಮರ್ಸ್ ಮತ್ತೆ ಇದು ಎರಡೂ ಒಟ್ಟಿಗೆ ಇರೋದು ತುಂಬಾ ಸಾಮಾನ್ಯ. ಚಿಕ್ಕಪ್ಪನಿಗೆ ಇಸಿಜಿ ಸರಿ ಇತ್ತು, ಕತ್ತಿನ ರಕ್ತನಾಳ ನೋಡೋ ಸ್ಕ್ಯಾನ್ ಆದ ಡಾಪ್ಲರ್‌ನಲ್ಲಿ ಸ್ವಲ್ಪ ಕೊಬ್ಬು, ಥೈರಾಯ್ಡ್ ನಾರ್ಮಲ್, ಬಿ12 ಕಡಿಮೆ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರೋದು ಮಾಮೂಲಿ, ಅದೊಂದೇ ಕೂಡ ತಲೆ ಮಂಕು ಮಾಡಬಹುದು, ಬೇಗ ಇಂಜೆಕ್ಷನ್ ಕೊಟ್ರೆ ಎಷ್ಟೋ ಸಲ ಸರಿ ಹೋಗುತ್ತೆ, ಅದಕ್ಕೇ ಮರೆವು ಅಂತ ಹೋದ ಯಾರಿಗೇ ಆದ್ರೂ ಥೈರಾಯ್ಡ್ ಬಿ12 ಟೆಸ್ಟ್ ಮಾಡಿಸ್ತಾರೆ.

ಇದು ವಾಸಿಯಾಗುತ್ತಾ ಅಂತ ಚಿಕ್ಕಮ್ಮ ಕೇಳಿದ್ರು. ಡಾಕ್ಟರ್ ಸುಳ್ಳು ಹೇಳ್ಲಿಲ್ಲ. ಸತ್ತ ಜಾಗ ವಾಪಸ್ ಬರಲ್ಲ, ಮರೆವಿಗೆ ಕೊಡೋ ಡೊನೆಪೆಜಿಲ್ ತರದ ಮಾತ್ರೆಗಳಿಂದ ಈ ವಿಧಕ್ಕೆ ಸಿಗೋ ಪ್ರಯೋಜನ ಸ್ವಲ್ಪವೇ, ನಮ್ಮ ಕೈಲಿರೋದು ಮುಂದಿನ ಮೆಟ್ಟಿಲು ಇಳಿಯದ ಹಾಗೆ ತಡೆಯೋದು ಅಂದ್ರು. ಬಿಪಿಗೆ ಎರಡು ಮಾತ್ರೆ, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದ ಹಾಗೆ ಒಂದು, ಶುಗರ್ ಮಾತ್ರೆ, ನಿದ್ದೆ ಮಾತ್ರೆ ಬಂದ್, ತಂಬಾಕು ಬಂದ್. ಬಿಪಿ ಇಳಿಸೋದ್ರಿಂದ ಏನು ಲಾಭ ಅನ್ನೋದಕ್ಕೆ ಅಮೆರಿಕದಲ್ಲಿ ದೊಡ್ಡ ಅಧ್ಯಯನ ಆಗಿದೆ, ಸ್ಪ್ರಿಂಟ್ ಮೈಂಡ್ ಅಂತ, 2019ರಲ್ಲಿ ಬಂತು: ಮೇಲಿನ ಬಿಪಿ 120ಕ್ಕಿಂತ ಕೆಳಗೆ ತರೋ ಗುರಿ ಇಟ್ಕೊಂಡವರಲ್ಲಿ, 140ರ ಗುರಿ ಇದ್ದವರಿಗಿಂತ, ಡಿಮೆನ್ಶಿಯಾಗೆ ಮುಂಚಿನ ಹಂತದ ಮಂಕು ಕಡಿಮೆ ಜನಕ್ಕೆ ಬಂತು. ಡಿಮೆನ್ಶಿಯಾ ಕಡಿಮೆಯಾಯ್ತು ಅಂತ ಖಚಿತವಾಗಿ ಹೇಳೋಷ್ಟು ವ್ಯತ್ಯಾಸ ಅದ್ರಲ್ಲಿ ಸಿಗ್ಲಿಲ್ಲ. ಚಿಕ್ಕಪ್ಪನಿಗೆ ನಿಂತ್ರೆ ತಲೆ ಸುತ್ತೋದು ಇದ್ದಿದ್ದಕ್ಕೆ ಡಾಕ್ಟರ್ 130ರ ಆಸುಪಾಸು ಸಾಕು ಅಂದ್ರು. ಯಾರಿಗೆ ಎಷ್ಟು ಅನ್ನೋದು ಅವರವರ ಡಾಕ್ಟರ್ ಹೇಳ್ಬೇಕು.

ಮನೇಲಿ ಮಾಡಿದ್ದನ್ನ ಬರೀಲೇಬೇಕು, ಇದ್ರ ಪೂರ್ತಿ ಕ್ರೆಡಿಟ್ ಚಿಕ್ಕಮ್ಮನಿಗೆ. "ಅಡುಗೆಗೆ ಸ್ವಲ್ಪ ಸಹಾಯ ಮಾಡಿ" ಅಂದ್ರೆ ಚಿಕ್ಕಪ್ಪ ನಿಂತೇ ಇರ್ತಾರೆ. "ಈ ಕಾಯಿ ತುರೀರಿ" ಅಂತ ಕೈಗೇ ಕೊಟ್ರೆ ಚಂದ ತುರೀತಾರೆ. ಅದು ಮುಗಿದ ಮೇಲೆ "ಈಗ ಬೀನ್ಸ್ ಹೆಚ್ಚಿ". ಒಂದು ಸಲಕ್ಕೆ ಒಂದೇ ಕೆಲಸ, ಒಂದೇ ವಾಕ್ಯ, ಉತ್ತರಕ್ಕೆ ಕಾಯ್ಬೇಕು, ಅವಸರ ಮಾಡ್ಬಾರ್ದು. ಕ್ರಮ ನೋಡ್ಕೊಳ್ಳೋದು ಚಿಕ್ಕಮ್ಮ, ಕೈ ಕೆಲಸ ಚಿಕ್ಕಪ್ಪ. ಒಗ್ಗರಣೆ, ಗ್ಯಾಸ್ ಮಾತ್ರ ಅವರ ಕೈಗಿಲ್ಲ. ಎರಡು ಗಂಟೆಗೊಮ್ಮೆ ಬಚ್ಚಲಿಗೆ ಕರ್ಕೊಂಡು ಹೋಗ್ತಾರೆ, ಬಟ್ಟೆ ಒದ್ದೆ ಆಗೋದು ಬಹಳ ಕಡಿಮೆ ಆಗಿದೆ. ರಾತ್ರಿ ದಾರೀಲಿ ಸಣ್ಣ ಬಲ್ಬು, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ, ಹೊಸ್ತಿಲ ಮೇಲೆ ಹಳದಿ ಪಟ್ಟಿ. ಉಪ್ಪಿನಕಾಯಿ ಭರಣಿ ಪಕ್ಕದ ಮನೆಗೆ ಹೋಯ್ತು, ಬದಲಿಗೆ ಉಪ್ಪು ಕಡಿಮೆ ಹಾಕಿ ನಿಂಬೆಹುಳಿ ಜಾಸ್ತಿ ಮಾಡಿದ ತಂಬುಳಿ, ಮೊದಲ ತಿಂಗಳು ದಿನಾ ಜಗಳ, ಆಮೇಲೆ ಒಗ್ಗಿ ಹೋಯ್ತು. ಫಿಸಿಯೋಥೆರಪಿಯವರು ನೆಲದ ಮೇಲೆ ಗೆರೆ ಎಳೆದು ಗೆರೆ ದಾಟಿಸಿ ನಡೆಸೋದು ಕಲಿಸಿದ್ರು, ಗೆರೆ ಕಂಡ್ರೆ ಹೆಜ್ಜೆ ದೊಡ್ಡದಾಗುತ್ತೆ.

ಬ್ಯಾಂಕ್ ವಿಷಯನೂ ಬೇಗ ನೋಡ್ಕೊಳ್ಳಿ. ಅವರಿಗೆ ತಿಳುವಳಿಕೆ ಇರುವಾಗ್ಲೇ ಖಾತೆ ಜಂಟಿ ಮಾಡಿ, ನಾಮಿನಿ ಹಾಕಿಸಿದ್ರು.

ನೋಡ್ಕೊಳ್ಳೋರ ಕಥೆ ಯಾರೂ ಕೇಳಲ್ಲ. ಚಿಕ್ಕಮ್ಮನಿಗೆ ಒಂದು ಹಂತದಲ್ಲಿ ನಿದ್ದೆ ಇಲ್ಲದೆ ಅವರದ್ದೇ ಬಿಪಿ ಏರಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರು, ಕನ್ನಡದಲ್ಲೇ ಮಾತಾಡಿದ್ರು ಅಂತ ಹೇಳಿದ್ರು. ಹಿರಿಯರ ಸಹಾಯವಾಣಿ 14567 ಕೂಡ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಮೆದುಳಿನ ಆರೋಗ್ಯಕ್ಕೆ ಅಂತಲೇ ಕ್ಲಿನಿಕ್‌ಗಳನ್ನ ಶುರು ಮಾಡಿದೆ, ಜಿಲ್ಲಾಸ್ಪತ್ರೇಲಿ ಒಮ್ಮೆ ವಿಚಾರಿಸಿ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು ವಯಸ್ಸಾಗ್ತಾ ಮೆದುಳು ಹೇಗೆ ಬದಲಾಗುತ್ತೆ ಅಂತ ವರ್ಷಗಟ್ಲೆ ಅದೇ ಜನರನ್ನ ಪರೀಕ್ಷೆ ಮಾಡ್ತಾ ಅಧ್ಯಯನ ನಡೆಸ್ತಿದಾರೆ. ನಮ್ಮ ಹಳ್ಳಿಗಳ ಜನರ ಬಗ್ಗೆ ನಮ್ಮಲ್ಲೇ ಸಿಗೋ ಇಂಥ ಮಾಹಿತಿ ತುಂಬಾ ಬೇಕಾಗಿತ್ತು, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅನ್ನೋ ಅಂದಾಜು ಬಂದಿರೋದೇ 2023ರಲ್ಲಿ.

ಈಗಿನ ಸ್ಥಿತಿ: 2023ರ ನಂತರ ಹೊಸ ಸ್ಟ್ರೋಕ್ ಆಗಿಲ್ಲ. ಗಡಿಯಾರ ಇನ್ನೂ ಬರೆಯೋಕೆ ಆಗಲ್ಲ, ಅಳು ಕಡಿಮೆ ಆಗಿದೆ, ಕೋಲು ಹಿಡಿದು ಅಂಗಳ ಸುತ್ತುತ್ತಾರೆ. ಬಿಪಿ ಮಿಷನ್ ಮನೇಲಿದೆ, ಚಿಕ್ಕಮ್ಮ ವಾರಕ್ಕೆರಡು ಸಲ ನೋಡಿ ಕ್ಯಾಲೆಂಡರ್‌ನಲ್ಲಿ ಬರೀತಾರೆ, ಮಾತ್ರೆ ಡಬ್ಬಿಗೆ ವಾರದ ಏಳು ಖಾನೆ. ಅದೇ ಮಿಷನ್‌ನಲ್ಲಿ ಮಗನ ಬಿಪಿನೂ ನೋಡಿದ್ರು, 41 ವಯಸ್ಸು, ಬೆಂಗಳೂರಲ್ಲಿ ಕೆಲಸ, ಯಾವ ತೊಂದ್ರೆನೂ ಇಲ್ಲ ಅಂತಿದ್ದವನಿಗೆ 152/98. ಬೇರೆ ಬೇರೆ ದಿನ ನೋಡಿದ್ರೂ ಅಷ್ಟೇ ಬಂತು. ಅವನು ಡಾಕ್ಟರ್ ಹತ್ರ ಹೋಗಿ ಮಾತ್ರೆ ಶುರು ಮಾಡಿದಾನೆ, ನಾರ್ಮಲ್ ಬಂದ ಮೇಲೂ ನಿಲ್ಸಿಲ್ಲ.